ರಸಾಯನಶಾಸ್ತ್ರಜ್ಞ ಸರ್ ವಿಲಿಯಂ ರಾಮ್ಸೆಯ ಚರಿತ್ರೆ

ಸುಗ್ಗಿಯು ಮುಗಿದು ರಾಶಿಯನ್ನು ಮನೆಗೆ ಸಾಗಿಸಿದ ಮೇಲೆ ಕಣದಲ್ಲಿ ಅಲ್ಲಲ್ಲಿ ಕೆಲವು ಕಾಳುಗಳು ಉಳಿದಿರುತ್ತವೆ. ಅವಸರದವನು ಅವುಗಳನ್ನು ಕಂಡೂ ಕಾಣದವನಂತೆ ಹೋಗುತ್ತಾನೆ. ಮನೆಯ ಮುದುಕಿಯಾದರೋ ಪೊರಕೆಯನ್ನು ಹಿಡಿದು ಕಣವನ್ನು ಗುಡಿಸಿ, ಮಣ್ಣನ್ನು ಮೊರದಲ್ಲಿ ಕೇರಿ, ಒಂದು ಹೊತ್ತಿನ ಗಂಜಿಗಾಗುವಷ್ಟು ಧಾನ್ಯವನ್ನು ಕೂಡಿಸಿಕೊಳ್ಳುತ್ತಾಳೆ. ಐದು ಸಾವಿರ ಜನರು ಉಂಡು ತೃಪ್ತರಾದ ಮೇಲೆಯೂ ಉಳಿದ ತುಂಡುಗಳನ್ನು ಪುಟ್ಟಿಗಳಲ್ಲಿ ತುಂಬಿಸಿದ ಕರ್ತನ ಕಾರ್ಯವು ನಮ್ಮ ಸಭೆಗಳ ಚಿಕ್ಕ ಮಕ್ಕಳಿಗೂ ತಿಳಿದದ್ದೇ. ಮಿಕ್ಕದ್ದನ್ನು ಕಡೆಗಣಿಸದೆ ಕೂಡಿಸಿದ ಒಬ್ಬ ವಿದ್ವಾಂಸನ ಚರಿತ್ರೆಯನ್ನು ನಾವು ಈ ಸಾರಿ ಹೇಳಲಿದ್ದೇವೆ. ಅವನು ಕೂಡಿಸಿದ್ದು ಕಾಳನ್ನಲ್ಲ, ರೊಟ್ಟಿಯನ್ನಲ್ಲ. ಕಣ್ಣಿಗೆ ಕಾಣದ ಗಾಳಿಯಲ್ಲಿ ಉಳಿದ ಸ್ವಲ್ಪವನ್ನೇ. ಅದರಿಂದ ಅವನಿಗೆ ಬಂದ ಕೀರ್ತಿ ಎಂಥದು, ಅದರಲ್ಲಿಯೇ ಅವನು ಎಡವಿದ್ದು ಹೇಗೆ ಎಂಬ ಎರಡನ್ನೂ ನಾವು ಮುಚ್ಚುಮರೆಯಿಲ್ಲದೆ ತಿಳಿಸುವೆವು.

ವಿಲಿಯಂ ರಾಮ್ಸೆಯು 1852ನೇ ಇಸವಿ ಅಕ್ಟೋಬರ್ 2ರಂದು ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದನು. ಅವನು ತಂದೆತಾಯಿಗಳಿಗೆ ಒಬ್ಬನೇ ಮಗನು. ತಂದೆಯು ಇಂಜಿನಿಯರನು, ತಾಯಿಯು ಎಡಿನ್‌ಬರೋ ಪಟ್ಟಣದ ಒಬ್ಬ ವೈದ್ಯನ ಮಗಳು. ಮನೆಯವರು ಕ್ಯಾಲ್ವಿನನ ಬೋಧನೆಯನ್ನು ಅನುಸರಿಸಿದ ಕಟ್ಟುನಿಟ್ಟಿನ ಭಕ್ತರಾಗಿದ್ದರು. ಮಗನು ದೊಡ್ಡವನಾಗಿ ಸಭಾಪಾಲಕನಾಗಲಿ ಎಂದು ಅವರ ಆಶೆಯಿತ್ತು. ಹುಡುಗನು ದೇವಾಲಯದಲ್ಲಿ ಕೂತು ತಲೆ ಬೊಗ್ಗಿಸಿ ಸತ್ಯವೇದವನ್ನು ಓದುತ್ತಿದ್ದುದನ್ನು ಕಂಡು ಅವರಿಗೆ ಸಂತೋಷವಾಗುತ್ತಿತ್ತು. ಆದರೆ ಅವನ ಕೈಯಲ್ಲಿದ್ದುದು ಫ್ರೆಂಚ್ ಭಾಷೆಯ ಸತ್ಯವೇದ ಇಲ್ಲವೆ ಜರ್ಮನ್ ಭಾಷೆಯ ಸತ್ಯವೇದ. ದೀರ್ಘವಾದ ಪ್ರಸಂಗವು ನಡೆಯುತ್ತಿರುವಾಗ ಅವನು ತನಗೆ ಬಾಯಿಪಾಠವಾಗಿದ್ದ ವಚನಗಳನ್ನು ಅದರಲ್ಲಿ ಹುಡುಕಿ ಆ ಭಾಷೆಗಳನ್ನು ಕಲಿಯುತ್ತಿದ್ದನು. ಪ್ರಸಂಗ ಮಾಡುವ ನಮ್ಮಂಥವರಿಗೆ ಇದು ಅಷ್ಟು ಹಿತವಾದ ಸಂಗತಿಯಲ್ಲ. ಆದರೂ ಸಿಕ್ಕಿದ ಹೊತ್ತನ್ನು ವ್ಯರ್ಥಮಾಡದ ಗುಣವು ಆ ಹುಡುಗನಲ್ಲಿ ಎಳೆತನದಿಂದಲೇ ಇತ್ತೆಂಬುದನ್ನು ನಾವು ಒಪ್ಪಬೇಕು.

ಒಮ್ಮೆ ಚೆಂಡಾಟದಲ್ಲಿ ಅವನ ಕಾಲು ಮುರಿಯಿತು. ಹಾಸಿಗೆಯಲ್ಲಿ ಬಿದ್ದಿದ್ದಾಗ ಬಾಣಬಿರುಸುಗಳನ್ನು ಮಾಡುವ ವಿಧಾನವನ್ನು ತಿಳಿಯಬೇಕೆಂದು ಅವನು ಒಂದು ರಸಾಯನಶಾಸ್ತ್ರದ ಪುಸ್ತಕವನ್ನು ತರಿಸಿ ಓದಿದನು. ಕಾಲು ವಾಸಿಯಾಯಿತು, ರಸಾಯನಶಾಸ್ತ್ರದ ಹಂಬಲವು ಮಾತ್ರ ಅವನನ್ನು ಬಿಡಲೇ ಇಲ್ಲ. 14ನೇ ವಯಸ್ಸಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ಸೇರಿದನು. ಆಮೇಲೆ ಜರ್ಮನಿಗೆ ಹೋಗಿ ಟ್ಯೂಬಿಂಗೆನ್ ಪಟ್ಟಣದಲ್ಲಿ ಫಿಟ್ಟಿಗ್ ಎಂಬ ಪ್ರಾಧ್ಯಾಪಕನ ಕೈಕೆಳಗೆ ಕಲಿತು, 1872ರಲ್ಲಿ, ಇನ್ನೂ 20 ವರುಷ ತುಂಬುವದಕ್ಕೆ ಮುಂಚೆಯೇ, ಡಾಕ್ಟರ್ ಎಂಬ ಪದವಿಯನ್ನು ಪಡೆದನು. ತಂದೆತಾಯಿಗಳು ಬಯಸಿದ ಬೋಧಕನ ಪೀಠವನ್ನು ಅವನು ಏರಲಿಲ್ಲ; ಶಾಲೆಯ ಬೋಧಕನ ಪೀಠವನ್ನು ಏರಿದನು.

ಮೊದಲು ಕೆಲವು ವರುಷ ಗ್ಲಾಸ್ಗೋವಿನಲ್ಲಿ ಸಹಾಯಕ ಅಧ್ಯಾಪಕನಾಗಿದ್ದನು. 1880ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಕಾಲೇಜಿಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದನು. ಮರುವರುಷವೇ ಆ ಕಾಲೇಜಿನ ಮುಖ್ಯಸ್ಥನಾದನು. ಅದೇ ವರುಷ ಮಾರ್ಗರೆಟ್ ಬುಕಾನನ್ ಎಂಬವಳನ್ನು ಮದುವೆಯಾದನು. ಇವರಿಗೆ ಒಬ್ಬ ಮಗನೂ ಒಬ್ಬ ಮಗಳೂ ಹುಟ್ಟಿದರು. ಆ ಕಾಲೇಜು ಬಡತನದಲ್ಲಿತ್ತು. ಇಂಥ ಕಾಲೇಜುಗಳಿಗೆ ಸರಕಾರದಿಂದ ಸಹಾಯಧನವು ದೊರೆಯಬೇಕೆಂದು ರಾಮ್ಸೆಯೂ ಅವನ ಸಂಗಡಿಗರೂ ಬಹಳವಾಗಿ ಪ್ರಯಾಸಪಟ್ಟರು. ಕೊನೆಗೆ 1889ರಲ್ಲಿ ಸರಕಾರವು ಅವುಗಳೆಲ್ಲವುಗಳಿಗೆ ಕೂಡಿ ವರುಷಕ್ಕೆ 15,000 ಪೌಂಡನ್ನು ಕೊಡಲು ಒಪ್ಪಿತು. ಅಷ್ಟರೊಳಗೆ, 1887ರಲ್ಲಿ, ರಾಮ್ಸೆಯು ಲಂಡನಿನ ಯೂನಿವರ್ಸಿಟಿ ಕಾಲೇಜಿಗೆ ಕರೆಯಲ್ಪಟ್ಟಿದ್ದನು. ಅಲ್ಲಿ ಅವನು 25 ವರುಷ ಸೇವೆ ಮಾಡಿದನು. ಅವನ ಕೈಚಳಕವು ವಿಶೇಷವಾದದ್ದು. ಗಾಜನ್ನು ಕಾಯಿಸಿ ಊದಿ ತನಗೆ ಬೇಕಾದ ಕೊಳವಿಗಳನ್ನೂ ಬುರುಡೆಗಳನ್ನೂ ಅವನು ತಾನೇ ಮಾಡಿಕೊಳ್ಳುತ್ತಿದ್ದನು.

ಈಗ ನಾವು ಅವನ ಮುಖ್ಯ ಕಾರ್ಯಕ್ಕೆ ಬರುವೆವು. ನಾವು ಉಸಿರಾಡುವ ಗಾಳಿಯು ಒಂದೇ ವಸ್ತುವಲ್ಲ. ಅದನ್ನು ಐದು ಪಾಲಾಗಿ ಎಣಿಸಿದರೆ ಹೆಚ್ಚು ಕಡಿಮೆ ಒಂದು ಪಾಲು ಆಮ್ಲಜನಕ, ನಾಲ್ಕು ಪಾಲು ಸಾರಜನಕ. ಆಮ್ಲಜನಕವು ಪ್ರಾಣಿಗಳ ಉಸಿರಿಗೂ ದೀಪದ ಉರಿಗೂ ಬೇಕಾದದ್ದು; ಸಾರಜನಕವು ಉರಿಯನ್ನು ಪೋಷಿಸದೆ ಸುಮ್ಮನಿರುವಂಥದು. ಇಷ್ಟರಲ್ಲಿ ಗಾಳಿಯ ಲೆಕ್ಕವು ಮುಗಿಯಿತೆಂದು ವಿದ್ವಾಂಸರು ನೂರು ವರುಷದಿಂದ ನಂಬಿದ್ದರು.

ಇಂಗ್ಲೆಂಡಿನಲ್ಲಿ ರೇಲಿ ಪ್ರಭು ಎಂಬ ಭೌತಶಾಸ್ತ್ರಜ್ಞನಿದ್ದನು. ಅವನು ತೂಕದಲ್ಲಿ ಬಹು ನಿಖರವಾದವನು. ಗಾಳಿಯಿಂದ ಆಮ್ಲಜನಕವನ್ನು ತೆಗೆದುಬಿಟ್ಟು ಉಳಿದ ಸಾರಜನಕವನ್ನು ಅವನು ತೂಗಿದನು. ಬೇರೆ ವಸ್ತುಗಳನ್ನು ಒಡೆದು ಅವುಗಳಿಂದ ಹೊರಡಿಸಿದ ಸಾರಜನಕವನ್ನೂ ತೂಗಿದನು. ಒಂದೇ ವಸ್ತುವಾದ ಮೇಲೆ ಎರಡರ ತೂಕವೂ ಸಮವಾಗಿರಬೇಕಷ್ಟೆ. ಹಾಗಿರಲಿಲ್ಲ. ಎರಡನೆಯದು 200 ತೊಲ ತೂಗುವ ಅಳತೆಯಲ್ಲಿ ಗಾಳಿಯಿಂದ ಬಂದದ್ದು 201 ತೊಲದಷ್ಟು ತೂಗಿತು. 200ಕ್ಕೆ 1! ಸಂತೆಯಲ್ಲಿ ಇಷ್ಟು ಹೆಚ್ಚುಕಡಿಮೆಗೆ ಯಾರೂ ಜಗಳವಾಡುವದಿಲ್ಲ. ರೇಲಿಯು ಎಷ್ಟು ಸಾರಿ ತೂಗಿದರೂ ಆ ಒಂದು ಹೋಗಲಿಲ್ಲ. 1892ರಲ್ಲಿ ಅವನು ಈ ಸಂಗತಿಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಕಾರಣವನ್ನು ತಿಳಿಸುವಂತೆ ರಸಾಯನಶಾಸ್ತ್ರಜ್ಞರನ್ನು ಕೇಳಿಕೊಂಡನು.

1894ರ ಏಪ್ರಿಲ್ ತಿಂಗಳಲ್ಲಿ ರೇಲಿಯು ಇದೇ ವಿಷಯವಾಗಿ ಲಂಡನಿನಲ್ಲಿ ಉಪನ್ಯಾಸ ಮಾಡಿದಾಗ ರಾಮ್ಸೆಯು ಅಲ್ಲಿದ್ದನು. ಗಾಳಿಯ ಸಾರಜನಕದೊಳಗೆ ಬೇರೊಂದು ಭಾರವಾದ ವಸ್ತುವು ಅಡಗಿರಬಹುದೆಂದು ಅವನಿಗೆ ತೋಚಿತು. ಆದರೆ ಹೊಲವನ್ನು ಉತ್ತವನು ಬೇರೊಬ್ಬನಿರುವಾಗ ತಾನು ಹೋಗಿ ಕೊಯ್ಯುವುದು ಸರಿಯಲ್ಲವೆಂದು ತಿಳಿದು, ತಾನು ಇದನ್ನು ಶೋಧಿಸಬಹುದೋ ಎಂದು ಮೊದಲು ರೇಲಿಯ ಅಪ್ಪಣೆಯನ್ನು ಕೇಳಿದನು. ಅಪ್ಪಣೆಯು ದೊರೆತ ಮೇಲೆ ಕೆಲಸಕ್ಕೆ ಕೈಹಾಕಿದನು. ಕೆಂಪಗೆ ಕಾಯಿಸಿದ ಮೆಗ್ನೀಸಿಯಂ ಎಂಬ ಲೋಹವು ಸಾರಜನಕವನ್ನು ಹೀರಿಕೊಳ್ಳುತ್ತದೆ. ಗಾಳಿಯಿಂದ ತೆಗೆದ ಸಾರಜನಕವನ್ನು ರಾಮ್ಸೆಯು ಆ ಲೋಹದ ಮೇಲೆ ಹಿಂದಕ್ಕೂ ಮುಂದಕ್ಕೂ ಅನೇಕ ದಿವಸ ಹರಿಸಿದನು. ವಾಯುವು ಕಡಿಮೆಯಾಗುತ್ತಾ ಬಂತು. ಉಳಿದದ್ದು ಭಾರವಾಗುತ್ತಾ ಬಂತು. ಜಲಜನಕದ ತೂಕವನ್ನು ಒಂದೆಂದು ಎಣಿಸಿದರೆ ಸಾರಜನಕದ್ದು 14. ಈ ಉಳಿದದ್ದರ ತೂಕವು 20ರ ಹತ್ತಿರಕ್ಕೆ ಏರಿತು.

ವಸ್ತುಗಳನ್ನು ಗುರುತಿಸುವದಕ್ಕೆ ಇನ್ನೊಂದು ಉಪಾಯವುಂಟು. ಒಂದು ವಾಯುವನ್ನು ಗಾಜಿನ ಕೊಳವಿಯಲ್ಲಿ ತುಂಬಿ ವಿದ್ಯುತ್ತಿನಿಂದ ಬೆಳಗಿಸಿ, ಆ ಬೆಳಕನ್ನು ಪಟ್ಟಕದ ಮೂಲಕ ನೋಡಿದರೆ ಬಣ್ಣಬಣ್ಣದ ಗೆರೆಗಳು ಕಾಣುತ್ತವೆ. ಒಬ್ಬನ ಹೆಬ್ಬೆಟ್ಟಿನ ಗುರುತು ಇನ್ನೊಬ್ಬನಿಗೆ ಇಲ್ಲದ ಹಾಗೆ ಒಂದು ವಸ್ತುವಿನ ಗೆರೆಗಳು ಇನ್ನೊಂದಕ್ಕೆ ಇರುವುದಿಲ್ಲ. ರಾಮ್ಸೆಯ ವಾಯುವಿನಲ್ಲಿ ಅದುವರೆಗೆ ಯಾರೂ ಕಾಣದ ಕೆಂಪು ಮತ್ತು ಹಸುರು ಗೆರೆಗಳು ಕಂಡವು. ಹೊಸ ಮೂಲವಸ್ತುವೊಂದು ಸಿಕ್ಕಿತು. ಅದೇ ಸಮಯದಲ್ಲಿ ರೇಲಿಯೂ ಬೇರೆ ದಾರಿಯಿಂದ ಅದೇ ವಾಯುವನ್ನು ಸ್ವಲ್ಪವಾಗಿ ಪಡೆದಿದ್ದನು. ಇಬ್ಬರೂ ಪತ್ರಗಳಿಂದ ಒಬ್ಬರಿಗೊಬ್ಬರು ತಿಳಿಸಿಕೊಂಡು, ನಾನು ಮೊದಲು ತಾನು ಮೊದಲು ಎಂಬ ವಾದವನ್ನೆತ್ತದೆ, 1894ರ ಆಗಸ್ಟ್ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಕೂಡಿದ ವಿದ್ವಾಂಸರ ಸಭೆಗೆ ಇಬ್ಬರ ಹೆಸರಿನಲ್ಲಿಯೂ ಸಂಗತಿಯನ್ನು ತಿಳಿಸಿದರು. ಈ ವಾಯುವು ಯಾವ ವಸ್ತುವಿನೊಡನೆಯೂ ಕೂಡದೆ ಇದ್ದುದರಿಂದ ಅದಕ್ಕೆ ಆರ್ಗಾನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಕೆಲಸ ಮಾಡದ ಸೋಮಾರಿ ಎಂಬರ್ಥವು. ನೂರು ಪಾಲು ಗಾಳಿಯಲ್ಲಿ ಅದು ಹೆಚ್ಚು ಕಡಿಮೆ ಒಂದು ಪಾಲಿದೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಬೇಕು. 1785ರಲ್ಲಿಯೇ ಕ್ಯಾವೆಂಡಿಷ್ ಎಂಬ ವಿದ್ವಾಂಸನು ಗಾಳಿಯ ಸಾರಜನಕವನ್ನೆಲ್ಲಾ ತೆಗೆಯಲು ಯತ್ನಿಸಿದಾಗ ಕೊನೆಗೆ ಒಂದು ಚಿಕ್ಕ ಗುಳ್ಳೆಯು ಉಳಿದಿತ್ತು. ಅದು ಇಡಿಯದರ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಅವನು ಪ್ರಾಮಾಣಿಕವಾಗಿ ಬರೆದಿಟ್ಟನು. ಆ ಬರಹವನ್ನು ನೂರು ವರುಷ ಎಷ್ಟೋ ಜನರು ಓದಿದರು. ಆ ಗುಳ್ಳೆಯು ಏನೆಂದು ಕೇಳಿದವರಿಲ್ಲ. ಆ ಗುಳ್ಳೆಯೇ ಆರ್ಗಾನ್. ಗೊತ್ತಾಗದ ಸಂಗತಿಯನ್ನು ಮುಚ್ಚಿಡದೆ ಬರೆದಿಟ್ಟವನ ಪ್ರಯಾಸವು ನೂರು ವರುಷದ ಮೇಲಾದರೂ ಫಲ ಕೊಟ್ಟಿತು.

1895ರಲ್ಲಿ ಮತ್ತೊಂದು ಆಶ್ಚರ್ಯವಾಯಿತು. ಅಮೇರಿಕದ ಒಬ್ಬ ವಿದ್ವಾಂಸನು ಯುರೇನಿಯಂ ಇರುವ ಕಲ್ಲನ್ನು ಆಮ್ಲದಲ್ಲಿ ಕುದಿಸಿದಾಗ ಒಂದು ವಾಯುವು ಬಂದಿತ್ತು. ಅದನ್ನು ಅವನು ಸಾರಜನಕವೆಂದು ತಿಳಿದಿದ್ದನು. ಇದನ್ನು ಕೇಳಿದ ರಾಮ್ಸೆಯು ಕ್ಲೀವೈಟ್ ಎಂಬ ಅಂಥದೇ ಕಲ್ಲನ್ನು ತರಿಸಿ, ಆರ್ಗಾನ್ ಸಿಕ್ಕೀತೆಂದು ಕುದಿಸಿ ನೋಡಿದನು. ಬಂದ ವಾಯುವಿನ ಬೆಳಕಿನಲ್ಲಿ ಹೊಳೆಯುವ ಹಳದಿ ಗೆರೆಯೊಂದು ಕಂಡಿತು. ಉಪ್ಪಿನಲ್ಲಿರುವ ಸೋಡಿಯಂ ವಸ್ತುವಿನ ಹಳದಿ ಗೆರೆಯಿರಬಹುದೆಂದು ಸರಿಹೋಲಿಸಿ ನೋಡಿದರೆ ಎರಡಕ್ಕೂ ಹೊಂದಲಿಲ್ಲ. ಆ ಗೆರೆಯ ಕಥೆಗೆ ನಮ್ಮ ದೇಶದ ಸಂಬಂಧವುಂಟು. 1868ರ ಆಗಸ್ಟ್ 18ರಂದು ನಡೆದ ಪೂರ್ಣ ಸೂರ್ಯಗ್ರಹಣವನ್ನು ನೋಡುವದಕ್ಕೆ ಖಗೋಳಶಾಸ್ತ್ರಜ್ಞರು ತೆಲುಗು ಸೀಮೆಯ ಗುಂಟೂರು, ಮಚಲೀಪಟ್ಟಣ ಮೊದಲಾದ ಊರುಗಳಿಗೆ ಬಂದು ಸೂರ್ಯನ ಅಂಚಿನ ಬೆಳಕಿನಲ್ಲಿ ಹಳದಿ ಗೆರೆಯನ್ನು ಕಂಡಿದ್ದರು. ಅದು ಭೂಮಿಯಲ್ಲಿಲ್ಲದ ವಸ್ತುವಿನದೆಂದು ಎಣಿಸಿ, ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರು ಬಿದ್ದಿತ್ತು. ಸೂರ್ಯನಲ್ಲಿ ಕಂಡದ್ದು 27 ವರುಷದ ಮೇಲೆ ಲಂಡನಿನಲ್ಲಿ, ಒಂದು ಕಲ್ಲಿನ ಚೂರಿನಿಂದ, ರಾಮ್ಸೆಯ ಕೊಳವಿಗೆ ಬಂತು.

ಆರ್ಗಾನಿಗೂ ಹೀಲಿಯಮಿಗೂ ಮೂಲವಸ್ತುಗಳ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಹೊಸ ಸಾಲೊಂದನ್ನು ಹಾಕಬೇಕೆಂದೂ, ಆ ಸಾಲಿನಲ್ಲಿ ಇವೆರಡರ ನಡುವೆ ಇನ್ನೊಂದು ವಾಯುವು ಇರಲೇಬೇಕೆಂದೂ ರಾಮ್ಸೆಯು 1897ರಲ್ಲಿ ಕೆನಡಾ ದೇಶದಲ್ಲಿ ಕೂಡಿದ ಸಭೆಯಲ್ಲಿ ಹೇಳಿದನು. ಅದನ್ನು ಹುಡುಕುವದಕ್ಕೆ ಮಾರಿಸ್ ಟ್ರಾವರ್ಸ್ ಎಂಬ ತರುಣನು ಅವನ ಜೊತೆಗಾರನಾದನು. ಇವರು ಎಷ್ಟೋ ಬಗೆಯ ಕಲ್ಲುಗಳನ್ನು ಕಾಯಿಸಿದರು. ಬಿಸಿನೀರಿನ ಬುಗ್ಗೆಗಳ ವಾಯುವನ್ನು ಪರೀಕ್ಷಿಸಿದರು. ಸಿಕ್ಕಲಿಲ್ಲ. ಹುಡುಕುತ್ತಿದ್ದ ವಸ್ತುವು ದಿನವೂ ಅವರ ಮೂಗಿನಲ್ಲಿಯೇ ಹೋಗಿಬರುತ್ತಿತ್ತೆಂದು ಅವರಿಗೆ ಆಗ ತಿಳಿಯದು.

1898ರ ಮೇ ತಿಂಗಳಲ್ಲಿ ಅವರಿಗೆ ಅತಿ ಶೀತದಿಂದ ನೀರಿನಂತಾದ ಗಾಳಿಯು ಸ್ವಲ್ಪ ದೊರೆಯಿತು. ಅದನ್ನು ಮೆಲ್ಲಗೆ ಆರಿಹೋಗಲು ಬಿಟ್ಟು, ತಳದಲ್ಲಿ ಉಳಿದದ್ದನ್ನು ಹಿಡಿದು ನೋಡಿದಾಗ ಹೊಸ ಹಳದಿ ಮತ್ತು ಹಸುರು ಗೆರೆಗಳು ಕಂಡವು. ಅಡಗಿದ್ದದು ಎಂಬರ್ಥದಿಂದ ಅದಕ್ಕೆ ಕ್ರಿಪ್ಟಾನ್ ಎಂದು ಹೆಸರಿಟ್ಟರು. ಜೂನ್ ತಿಂಗಳಲ್ಲಿ ಆರ್ಗಾನಿನ ಹಗುರವಾದ ಪಾಲಿನಿಂದ ಉರಿಯುವ ಕೆಂಡದಂತೆ ಹೊಳೆಯುವ ಇನ್ನೊಂದು ವಾಯುವು ಬಂತು. ಇದೇ ಅವರು ಹುಡುಕಿದ ನಡುವಿನ ವಾಯು. ರಾಮ್ಸೆಯ 13 ವರುಷದ ಮಗನು ಇದಕ್ಕೆ ಹೊಸದು ಎಂಬ ಹೆಸರಿಡಿರೆಂದು ಲ್ಯಾಟಿನ್ ಪದವೊಂದನ್ನು ಸೂಚಿಸಿದನಂತೆ. ತಂದೆಯು ಅದೇ ಅರ್ಥದ ಗ್ರೀಕ್ ಪದವನ್ನು ತೆಗೆದುಕೊಂಡು ನಿಯಾನ್ ಎಂದನು. ಕೆಲವು ವಾರಗಳ ಮೇಲೆ ಕ್ರಿಪ್ಟಾನಿನಲ್ಲಿಯೂ ಉಳಿದ ಶೇಷದಲ್ಲಿ ಪರದೇಶಿ ಎಂಬರ್ಥದ ಝೆನಾನ್ ಸಿಕ್ಕಿತು. ಒಂದು ಕೋಟಿ ಪಾಲು ಗಾಳಿಯಲ್ಲಿ ಇದು ಒಂದು ಪಾಲಿನಷ್ಟೂ ಇಲ್ಲ. ಉಳಿದದ್ದರಲ್ಲಿ ಉಳಿದದ್ದನ್ನೂ ಬಿಡದವನಿಗೆ ಮಾತ್ರವೇ ಇಂಥದು ಸಿಕ್ಕೀತು.

ಇಷ್ಟರಲ್ಲಿ ರಾಮ್ಸೆಯ ಹೆಸರು ಎಲ್ಲಾ ದೇಶಗಳಲ್ಲಿ ಪ್ರಸಿದ್ಧವಾಗಿತ್ತು. ಮುಂಬಯಿಯ ಜಮ್‌ಷೆಟ್‌ಜಿ ಟಾಟಾ ಎಂಬ ಧನವಂತನು ಭಾರತದಲ್ಲಿ ಶಾಸ್ತ್ರಶೋಧನೆಗಾಗಿ ದೊಡ್ಡ ವಿದ್ಯಾಲಯವನ್ನು ಕಟ್ಟಿಸಬೇಕೆಂದು ಆಸ್ತಿಯನ್ನು ಕೊಡಲು ಸಿದ್ಧನಾಗಿದ್ದನು. ಅದು ಹೇಗಿರಬೇಕು, ಎಲ್ಲಿರಬೇಕು ಎಂದು ಸಲಹೆ ಹೇಳುವದಕ್ಕಾಗಿ ರಾಮ್ಸೆಯು 1900ರ ಕೊನೆಯಲ್ಲಿ ನಮ್ಮ ದೇಶಕ್ಕೆ ಬಂದನು. ಅನೇಕ ಪಟ್ಟಣಗಳನ್ನು ಸುತ್ತಿ ನೋಡಿ ಬೆಂಗಳೂರೇ ತಕ್ಕ ಸ್ಥಳವೆಂದು ತಿಳಿಸಿದನು. ಕಾರ್ಯವು ತಡವಾಯಿತು, ಟಾಟಾ 1904ರಲ್ಲಿ ತೀರಿಹೋದನು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಸರಕಾರದ ಆಜ್ಞೆಯಾಯಿತು. 1911ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿವಾರದ ಕಲ್ಲನ್ನಿಟ್ಟರು. ಅದೇ ವರುಷ ವಿದ್ಯಾರ್ಥಿಗಳೂ ಸೇರಿದರು. ಅದರ ಮೊದಲನೆಯ ನಿರ್ದೇಶಕನು ರಾಮ್ಸೆಯ ಜೊತೆಗಾರನಾದ ಆ ಟ್ರಾವರ್ಸನೇ. ಬೆಂಗಳೂರಿಗೆ ಹೋಗಿಬರುವ ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯು ಇದೇ. ಅಲ್ಲಿಯ ಮರಗಳ ನೆರಳಿನಲ್ಲಿ ಹಾದುಹೋಗುವಾಗ ವಾಚಕರು ಗ್ಲಾಸ್ಗೋವಿನ ಆ ಹುಡುಗನನ್ನು ನೆನಸಬಹುದು.

1902ರಲ್ಲಿ ಅವನಿಗೆ ಸರ್ ಎಂಬ ಬಿರುದು ಬಂತು. 1904ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ರಾಮ್ಸೆಗೂ, ಭೌತಶಾಸ್ತ್ರದ್ದು ರೇಲಿಗೂ ದೊರೆಯಿತು. ಕೂಡಿ ದುಡಿದ ಇಬ್ಬರೂ ಒಂದೇ ವರುಷದಲ್ಲಿ ಮಾನಹೊಂದಿದರು.

ಇಲ್ಲಿಗೆ ಚರಿತ್ರೆಯನ್ನು ಮುಗಿಸಿದರೆ ಕೇಳುವದಕ್ಕೆ ಇಂಪಾಗಿರುತ್ತಿತ್ತು. ಆದರೆ ಮನುಷ್ಯರ ಚರಿತ್ರೆಯನ್ನು ಬರೆಯುವವರು ದಾವೀದನ ಜಯವನ್ನು ಮಾತ್ರ ಬರೆದು ಅವನ ಸೋಲನ್ನು ಬಿಡಬಾರದೆಂದು ನಾವು ಕಲಿತಿದ್ದೇವೆ. 1903ರಲ್ಲಿ ರಾಮ್ಸೆಯೂ ಸಾಡಿ ಎಂಬ ತರುಣನೂ ಕೂಡಿ, ರೇಡಿಯಂ ಎಂಬ ವಸ್ತುವಿನಿಂದ ಹೀಲಿಯಂ ತಾನಾಗಿ ಹುಟ್ಟುತ್ತದೆಂದು ತೋರಿಸಿದರು. ಒಂದು ಮೂಲವಸ್ತುವಿನಿಂದ ಇನ್ನೊಂದು ಹುಟ್ಟುವದೆಂಬ ಈ ಮಾತು ನಿಜವಾಗಿತ್ತು, ದೊಡ್ಡದೂ ಆಗಿತ್ತು. ಇದರಿಂದ ಅವನ ಧೈರ್ಯವು ಮಿತಿಮೀರಿತು. 1907ರಲ್ಲಿ ಅವನು ರೇಡಿಯಮಿನಿಂದ ಹೊರಡುವ ವಾಯುವು ತಾಮ್ರವನ್ನು ಲಿಥಿಯಂ ಎಂಬ ಲೋಹವಾಗಿ ಮಾಡುತ್ತದೆಂದೂ, ಅದೇ ವಾಯುವು ನೀರಿನೊಡನೆ ಕೂಡಿದರೆ ತಾನೇ ನಿಯಾನಾಗುತ್ತದೆಂದೂ ಪ್ರಕಟಿಸಿದನು. ಲೋಕವೆಲ್ಲಾ ಬೆರಗಾಯಿತು.

ಮರುವರುಷ ಪ್ಯಾರಿಸಿನಲ್ಲಿ ಮೇಡಂ ಕ್ಯೂರಿಯೂ ಅವಳ ಸಂಗಡ ದುಡಿಯುತ್ತಿದ್ದ ಗ್ಲೆಡಿಟ್ಷ್ ಎಂಬ ಸ್ತ್ರೀಯೂ ಅದೇ ಪರೀಕ್ಷೆಯನ್ನು ಗಾಜಿಲ್ಲದ ಪ್ಲಾಟಿನಂ ಪಾತ್ರೆಯಲ್ಲಿ ಮಾಡಿದರು. ಲಿಥಿಯಂ ಬರಲಿಲ್ಲ. ರಾಮ್ಸೆಯು ಕಂಡ ಲಿಥಿಯಂ ಅವನ ಗಾಜಿನ ಪಾತ್ರೆಯಿಂದಲೇ ಬಂದಿತ್ತು. ಇಂಗ್ಲೆಂಡಿನಲ್ಲಿ ರದರ್‌ಫರ್ಡನೂ ರಾಯ್ಡ್ಸನೂ ನಿಯಾನಿನ ಮಾತನ್ನು ಪರೀಕ್ಷಿಸಿದರು. ಪಾತ್ರೆಯೊಳಗೆ ಗಾಳಿಯು ಒಂದು ಹನಿಯಷ್ಟು ನುಸುಳಿದರೂ ಸಾಕು, ಗಾಳಿಯಲ್ಲಿರುವ ನಿಯಾನ್ ಕಾಣಿಸಿಕೊಳ್ಳುತ್ತದೆಂದು ತೋರಿಸಿದರು. ಗಾಳಿಯಲ್ಲಿ ನಿಯಾನ್ ಇದೆಯೆಂದು ಲೋಕಕ್ಕೆ ಕಲಿಸಿದವನು ರಾಮ್ಸೆಯೇ ಅಲ್ಲವೇ? ಅವನು ಕಂಡುಹಿಡಿದ ವಾಯುವೇ ಅವನನ್ನು ಮೋಸಗೊಳಿಸಿತು. ಹೊರಗಿನ ಅತಿ ಸಣ್ಣದನ್ನು ಕಾಣುವ ಕಣ್ಣು ತನ್ನ ಪಾತ್ರೆಯಲ್ಲಿದ್ದ ಸಣ್ಣ ದೋಷವನ್ನು ಕಾಣಲಿಲ್ಲ. ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವದಕ್ಕೂ ಅವನು ತ್ವರೆಪಡಲಿಲ್ಲ. ಆ ಕಾಲದಲ್ಲಿಯೇ ಸಮುದ್ರದ ನೀರಿನಿಂದ ಬಂಗಾರವನ್ನು ತೆಗೆಯುತ್ತೇವೆಂದ ಒಂದು ಕಂಪೆನಿಯವರಿಗೆ ಅವನು ಸಲಹೆಗಾರನಾದದ್ದೂ ಉಂಟು. ಅದರಿಂದಲೂ ಏನೂ ಫಲವಾಗಲಿಲ್ಲ.

ಆದರೂ ಅವನ ಕೈಯು ಶಕ್ತಿಗುಂದಿರಲಿಲ್ಲ. 1910ರಲ್ಲಿ ಸಾಸಿವೆ ಕಾಳಿಗಿಂತಲೂ ಎಷ್ಟೋ ಚಿಕ್ಕದಾದ ಅಳತೆಯಷ್ಟು ರೇಡಿಯಂ ವಾಯುವನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ ಅದರ ತೂಕವನ್ನು ಗೊತ್ತುಮಾಡಿದನು. ಅದೇ ವಾಯುವನ್ನು ಈಗ ರೇಡಾನ್ ಎನ್ನುತ್ತಾರೆ. 1912ರಲ್ಲಿ ಕಾಲೇಜಿನ ಕೆಲಸದಿಂದ ನಿವೃತ್ತನಾಗಿ ಹ್ಯಾಝಲ್‌ಮೀರ್ ಎಂಬ ಹಳ್ಳಿಯಲ್ಲಿ ಮನೆಮಾಡಿದನು. 1914ರಲ್ಲಿ ಮಹಾಯುದ್ಧವು ಹುಟ್ಟಿತು. ತನಗೆ ವಿದ್ಯೆ ಕೊಟ್ಟ ಜರ್ಮನಿಯ ವಿಷಯವಾಗಿ ಅವನು ಬಹು ಕಠಿಣವಾದ ಮಾತುಗಳನ್ನು ಬರೆದನು. ಯುದ್ಧದ ಜ್ವರವು ವಿದ್ಯಾವಂತರನ್ನೂ ಬಿಡುವುದಿಲ್ಲವೆಂಬುದು ಇದರಿಂದ ತೋರುತ್ತದೆ. ಬಳಿಕ ಮೂಗಿನಲ್ಲಿ ಅರ್ಬುದ ರೋಗವು ಹುಟ್ಟಿ, ಬಹಳ ನೋವನ್ನು ಅನುಭವಿಸಿ, 1916ರ ಜುಲೈ 23ರಂದು 63ನೇ ವಯಸ್ಸಿನಲ್ಲಿ ತೀರಿಹೋದನು.

ಸೋಮಾರಿಯೆಂದು ಹೆಸರು ಪಡೆದ ಆರ್ಗಾನ್ ಇಂದು ಕಮ್ಮಟಗಳಲ್ಲಿ ಲೋಹವನ್ನು ಬೆಸೆಯುವವರಿಗೆ ನೆರವಾಗುತ್ತದೆ. ಬೆಸುಗೆಯ ಸ್ಥಳಕ್ಕೆ ಗಾಳಿಯು ತಗಲದಂತೆ ಕಾಯುತ್ತದೆ. ಹೀಲಿಯಂ ಬೆಂಕಿ ಹೊತ್ತದೆ ಬಲೂನುಗಳನ್ನು ಎತ್ತುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ದೇಹದ ಒಳಭಾಗವನ್ನು ತೋರಿಸುವ ಅಯಸ್ಕಾಂತ ಯಂತ್ರಗಳನ್ನು ತಣ್ಣಗಿಡುತ್ತದೆ. ನಿಯಾನಿನ ಕೆಂಪು ಬೆಳಕಿನಿಂದ ಪಟ್ಟಣಗಳ ಅಂಗಡಿಗಳು ತಮ್ಮ ಹೆಸರುಗಳನ್ನು ಬರೆಯಿಸಿಕೊಂಡವು. ಯಾರೂ ಕೇಳದಿದ್ದ ಒಂದು ಗುಳ್ಳೆಯಿಂದ ಇಷ್ಟೆಲ್ಲಾ ಬಂತು.

ವಾಚಕರೇ, ನಮ್ಮಲ್ಲಿ ಗಾಳಿಯನ್ನು ತೂಗುವವರು ವಿರಳ. ಆದರೆ ಲೆಕ್ಕವನ್ನಿಡುವವರು ಎಲ್ಲರೂ. ಮನೆಯ ಲೆಕ್ಕವಾಗಲಿ, ಸಭೆಯ ಕಾಣಿಕೆಯ ಲೆಕ್ಕವಾಗಲಿ, ಮನಸ್ಸಾಕ್ಷಿಯ ಲೆಕ್ಕವಾಗಲಿ, 200ಕ್ಕೆ ಒಂದು ಹೆಚ್ಚುಕಡಿಮೆ ಬಂದಾಗ ಹೋಗಲಿ ಎಂದು ಪುಸ್ತಕವನ್ನು ಮುಚ್ಚುವುದು ಸುಲಭ. ರಾಮ್ಸೆಯು ಮುಚ್ಚಲಿಲ್ಲ, ಆದಕಾರಣ ಲೋಕಕ್ಕೆ ಹೊಸ ವಸ್ತುಗಳು ದೊರೆತವು. ಅವನೇ ತನ್ನ ಪಾತ್ರೆಯನ್ನು ಶೋಧಿಸದೆ ಹೊಸದು ಸಿಕ್ಕಿತೆಂದು ಸಾರಿದಾಗ ನಾಚಿಕೆಗೆ ಒಳಗಾದನು. ಉಳಿದ ತುಂಡನ್ನು ಕೂಡಿಸೋಣ. ಕೂಡಿಸುವ ಪುಟ್ಟಿಯು ಶುದ್ಧವಾಗಿದೆಯೋ ಎಂದು ಮೊದಲು ನೋಡೋಣ.